ಕಿಟಕಿಯಲ್ಲಿ ಉಳಿದ ಕಂಬಳಿ

ನಮ್ಮ ಮನೆಯಲ್ಲಿ ಕತ್ತಲೆಯನ್ನು ಹಗಲಿನಲ್ಲೇ ಮಾಡಿಕೊಳ್ಳುತ್ತಿದ್ದರು. ಕನಕಗಿರಿಯ ಸಂತೆಯ ದಿನ ಮಧ್ಯಾಹ್ನದ ಊಟ ಮುಗಿದು, ನೆಲ ಬಳಿದು, ಅದು ಆರುವಷ್ಟರಲ್ಲಿ ಗಂಡಸರು ತಲೆಬಾಗಿಲಿನಿಂದಲೂ ಹೆಂಗಸರು ಹಿತ್ತಿಲ ಬಾಗಿಲಿನಿಂದಲೂ ಬರತೊಡಗುತ್ತಿದ್ದರು. ಬಂದ ಪ್ರತಿ ಮನೆಯವರ ಹೆಗಲ ಮೇಲೆ ಒಂದು ಕರಿಯ ಕಂಬಳಿ. ನಮ್ಮೂರ ಚಿತ್ರ ಮಂಡಳಿಗೆ ಸೇರಲು ಹಣ ಕೊಡಬೇಕಾಗಿರಲಿಲ್ಲ. ಮನೆಗೊಂದು ಕಂಬಳಿ ತಂದು ಕಿಟಕಿಗೆ ತೂಗುಹಾಕಬೇಕು, ಚಿತ್ರ ಮುಗಿದ ಮೇಲೆ ತೆಗೆದುಕೊಂಡು ಹೋಗಬೇಕು, ಅಷ್ಟೇ. ಕುರುಬರ ಮಗ್ಗದಲ್ಲಿ ನೇಯ್ದ ಆ ಕಂಬಳಿಗಳು ಎರಡು ಪದರ ಸೇರಿದರೆ ಬೇಸಿಗೆಯ ಸೂರ್ಯನೂ ಒಳಗೆ ಇಣುಕುತ್ತಿರಲಿಲ್ಲ. ಸುತ್ತಲ ಹಳ್ಳಿಗಳಿಂದ ಸಂತೆಗೆ ಬಂದವರು ಹೊತ್ತು ಮುಳುಗುವ ಮೊದಲು ಬಂಡಿ ಕಟ್ಟಬೇಕಾಗಿದ್ದುದರಿಂದ ಚಿತ್ರ ಹಗಲಿಗೇ ಆಗಬೇಕಿತ್ತು. ಚಿತ್ರದ ಯಂತ್ರ ತಿರುಗಿಸುವ ಹುಸೇನಸಾಬ ಮಾಳಿಗೆ ಹತ್ತಿ ಬೆಳಕಿಂಡಿಗಳ ಮೇಲೆ ಮಡಕೆ ಕವುಚಿ ಇಳಿದು ಬಂದನೆಂದರೆ ನಮ್ಮ ಪಡಸಾಲೆ ಬಾವಿಯ ತಳದಂತೆ ಕಪ್ಪಾಗುತ್ತಿತ್ತು. ಕುರಿಯ ಉಣ್ಣೆಯ ವಾಸನೆ, ಕಾರ್ಬೈಡ್ ದೀಪದ ಹಳಸಿದ ಬೆಳ್ಳುಳ್ಳಿಯಂಥ ವಾಸನೆ, ಯಾರದೋ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಮಂಡಕ್ಕಿ ಒಗ್ಗರಣೆಯ ವಾಸನೆ. ನನ್ನ ಬಾಲ್ಯಕ್ಕೆ ಇದ್ದುದು ಈ ಮೂರು ವಾಸನೆಗಳ ಹವೆ.

ನಮ್ಮ ಮಂಡಳಿಯ ಬಗ್ಗೆ ಈಚೆಗೆ ಮಾತನಾಡುವವರೆಲ್ಲ ನನ್ನ ತಂದೆಯ ಬಗ್ಗೆ ಮಾತನಾಡುತ್ತಾರೆ. ಊರಿಗೆ ಬೆಳಕು ತಂದವನು ಎನ್ನುತ್ತಾರೆ. ಅವನ ಸನ್ಮಾನಕ್ಕಾಗಿ ಒಂದು ಸ್ಮರಣ ಸಂಚಿಕೆ ಬರಲಿದೆ. ವಿಶ್ವವಿದ್ಯಾಲಯದಲ್ಲಿ ಓದಿದ ಮಗಳು ತಂದೆಯ ಬಗ್ಗೆ ನಾಲ್ಕು ಪುಟ ಬರೆದುಕೊಡಬೇಕೆಂದು ಕೇಳಿದ್ದಾರೆ. ನಾನು ಬರೆದುದು ಇದು. ಅವರು ಅಚ್ಚು ಮಾಡುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ಅಪ್ಪ ಬೆಳಕು ತಂದದ್ದು ನಿಜ. ಆ ಬೆಳಕು ಕಾಣಬೇಕಾದರೆ ಬೇಕಾಗಿದ್ದ ಕತ್ತಲೆಯನ್ನು ತಂದವರು ಯಾರು ಎಂದು ಯಾರೂ ಕೇಳಿಲ್ಲ. ಪಡಸಾಲೆಯ ಮುಂಭಾಗಕ್ಕೆ ಎರಡೇ ಕಿಟಕಿ. ಹಿತ್ತಿಲ ಕಡೆಯ ಅರ್ಧಕ್ಕೆ ಐದು. ಕತ್ತಲೆಯ ಬಹುಭಾಗ ಹೆಂಗಸರದಾಗಿತ್ತು.

ಅಪ್ಪ ಧಾರವಾಡದಲ್ಲಿ ಓದಿ ಬಂದವನು. ನಿಜಾಮರ ಸೀಮೆಯ ನಮ್ಮ ಮೂಲೆಯಲ್ಲಿ ಸಾಲಿಯ ಪಾಠ ಉರ್ದುವಿನಲ್ಲಿ, ಕಚೇರಿಯ ಕಾಗದ ಉರ್ದುವಿನಲ್ಲಿ, ಕನ್ನಡ ಮಾತ್ರ ಒಲೆಯ ಮುಂದೆ ಮತ್ತು ಹೊಲದಲ್ಲಿ. ಜನಕ್ಕೆ ಪುಸ್ತಕ ಓದಿಸಲಾಗದಿದ್ದರೆ ಚಿತ್ರವನ್ನಾದರೂ ತೋರಿಸೋಣ ಎಂಬುದು ಅವನ ಹಟ. ಗಂಗಾವತಿಯಲ್ಲಿ ಮುಳುಗಿಹೋದ ಒಂದು ಟೂರಿಂಗ್ ಕಂಪನಿಯಿಂದ ಕೈಯಿಂದ ತಿರುಗಿಸುವ ಹಳೆಯ ಮೂಕಿ ಚಿತ್ರದ ಯಂತ್ರವನ್ನೂ ಮೂರು ಚಿತ್ರಗಳನ್ನೂ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದ. ತಗಡಿನ ಕೆಲಸದ ಹುಸೇನಸಾಬ ಅದನ್ನು ಬಿಚ್ಚಿ, ತಿಕ್ಕಿ, ಎಣ್ಣೆ ಬಿಟ್ಟು ತಿರುಗುವಂತೆ ಮಾಡಿದ. ತಹಸೀಲಿನಿಂದ ಬಂದ ಮೊಹರು ಒತ್ತಿದ ಪರವಾನಗಿಯನ್ನು ಅಪ್ಪ ಕಟ್ಟು ಹಾಕಿಸಿ, ದೇವರ ಪಟಗಳಿಗಿಂತ ಒಂದು ಗೇಣು ಮೇಲೆ ಗೋಡೆಗೆ ಹಾಕಿದ. ಮಂಡಳಿ ಎಲ್ಲರದು ಎಂದು ಸಾರಿದ. ಎಲ್ಲರದು ಎಂಬ ಮಾತು ಎಷ್ಟು ದೂರ ಹೋಗುತ್ತಿತ್ತೆಂದರೆ, ಊರ ಹೊರಗಿನ ಕೇರಿಯವರ ಕಂಬಳಿಗೆ ನಮ್ಮ ಕಿಟಕಿಗಳಲ್ಲಿ ಮೊಳೆ ಇರಲಿಲ್ಲ. ಹೆಂಗಸರಿಗೆ ಇತ್ತು, ಆದರೆ ಪರದೆಯ ಹಿಂದೆ.

ಅಪ್ಪನ ಎರಡು ಬಿಳಿಯ ಧೋತರಗಳನ್ನು ಜೋಡಿಸಿ ಹೊಲಿದ ಪರದೆ ಪಡಸಾಲೆಯ ನಡುಮಧ್ಯದಲ್ಲಿ ತೂಗುತ್ತಿತ್ತು. ಯಂತ್ರದ ಕಡೆಗೆ ಗಂಡಸರು, ಅದರಾಚೆಗೆ ಅಡುಗೆಮನೆಯ ಬಾಗಿಲವರೆಗೆ ಹೆಂಗಸರು. ಬಟ್ಟೆ ಒಣಗಿದ್ದರೆ ಚಿತ್ರ ಗಂಡಸರ ಕಡೆ ಢಾಳಾಗಿ ಕಾಣುತ್ತದೆ, ಹಿಂದೆ ಬರೀ ಮಬ್ಬು. ತೊಯ್ದರೆ ಬೆಳಕು ಬಟ್ಟೆಯನ್ನು ಹಾಯ್ದು ನಮ್ಮ ಕಡೆಗೆ ಬರುತ್ತದೆ, ಮುಂದಿನವರಿಗೆ ಮಂಕಾಗುತ್ತದೆ. ಪರದೆ ತೋಯಿಸುವ ಕೆಲಸ ಅವ್ವನದು. ತಂಬಿಗೆ ಹಿಡಿದು ಪ್ರತಿ ಸುರುಳಿಗೊಮ್ಮೆ ಎದ್ದು ನೀರು ಚಿಮುಕಿಸುತ್ತಿದ್ದಳು. ಆಗ ಮುಂದಿನಿಂದ ಕೂಗು ಏಳುತ್ತಿತ್ತು:

“ಏ ತಂಗೆವ್ವಾ, ನೀರು ಸಾಕಬೇ! ಇಲ್ಲಿ ನಮಗ ಕುದರಿ ಕತ್ತಿ ಆಗಿ ಕಾಣಕತ್ತೈತಿ!”

ಹಿಂದಿನಿಂದ ಯಾವಳೋ ಒಬ್ಬಳು, ಕತ್ತಲೆಯ ಧೈರ್ಯದಲ್ಲಿ:

“ಕನ್ನಡ್ಯಾಗ ನೋಡಿಕೊಂಡಿರಬೇಕು, ಕಾಕಾ!”

ಎರಡೂ ಕಡೆ ನಗು. ಹಿಂದಿನಿಂದ ನೋಡುವವರಿಗೆ ಎಲ್ಲವೂ ಎಡಬಲ ಅದಲುಬದಲು. ರಾಜನು ಎಡಗೈಯಿಂದ ಉಣ್ಣುತ್ತಿದ್ದ, ಮದುಮಗ ಎಡಗೈಯಿಂದ ಅಕ್ಷತೆ ಹಾಕುತ್ತಿದ್ದ. ನಮ್ಮೂರ ಹೆಂಗಸರು ಅದನ್ನು ಯಂತ್ರದ ದೋಷ ಎಂದು ತಿಳಿಯಲಿಲ್ಲ; ಮುಂಬಯಿ ಕಡೆಯ ಜನರ ರೀತಿಯೇ ಹಾಗೆ ಎಂದು ತಿಳಿದರು. ಒಂದು ಸಲ ಸಂತೆಗೆ ಬಂದ ಮುಂಬಯಿ ಕಡೆಯ ಬಟ್ಟೆ ವ್ಯಾಪಾರಿ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ನೆರೆಯ ಹೆಂಗಸರು ಬಾಗಿಲ ಸಂದಿಯಿಂದ ಅವನ ಕೈಯನ್ನೇ ನೋಡುತ್ತ ನಿಂತಿದ್ದರು. ಅವನು ಬಲಗೈಯಿಂದ ರೊಟ್ಟಿ ಮುರಿದದ್ದಕ್ಕೆ ಅವರಿಗೆ ನಿರಾಶೆಯಾಯಿತು.

ಮೂಕಿ ಚಿತ್ರಕ್ಕೆ ಕಥೆ ಹೇಳುವವರು ಬೇಕು. ಮುಂದೆ ಅಪ್ಪ ಹೇಳುತ್ತಿದ್ದ: ಗ್ರಂಥದ ಕನ್ನಡದಲ್ಲಿ, ನಡುನಡುವೆ ನೀತಿ ಸೇರಿಸಿ. ಅವನ ದನಿ ಹಿಂದಿನ ಗುಂಪಿಗೆ ಅರ್ಧ ಕೇಳುತ್ತಿತ್ತು, ಕೇಳಿದ ಅರ್ಧವೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಹಿಂದೆ ನನ್ನ ಅತ್ತೆ ಶಿವವ್ವ ಹೇಳತೊಡಗಿದಳು. ಅಪ್ಪನ ತಂಗಿ. ಮದುವೆಯಾದ ಎರಡನೆಯ ವರ್ಷ ಪ್ಲೇಗಿನಲ್ಲಿ ಗಂಡ ಹೋದ, ಹದಿನಾರು ತುಂಬುವ ಮೊದಲೇ ತವರಿಗೆ ಬಂದಳು. ಅವಳಿಗೆ ನಮ್ಮ ಮನೆಯಲ್ಲಿ ಕೆಲಸಗಳಿದ್ದವು, ಜಾಗ ಇರಲಿಲ್ಲ. ಬೆಳಗಿನ ಸಗಣಿಯಿಂದ ಹಿಡಿದು ಕೊನೆಯ ರೊಟ್ಟಿಯವರೆಗೆ ಅವಳ ಕೈಯೇ. ಆದರೆ ಊಟಕ್ಕೆ ಕೂರುವಾಗ ಕಂಬದ ಹಿಂದೆ, ಮದುವೆ ಮುಂಜಿಗಳಲ್ಲಿ ಕಣಜದ ಕೋಣೆಯೊಳಗೆ. ವಿಧವೆ ಇನ್ನೊಮ್ಮೆ ಸಂಸಾರ ಹೂಡುವ ಉಡಿಕೆಯ ಪದ್ಧತಿ ನಮ್ಮ ಸುತ್ತಮುತ್ತ ಎಷ್ಟೋ ಜನರಲ್ಲಿ ಇದ್ದೇ ಇತ್ತು. ನಮ್ಮ ಮನೆತನ, ಓಣಿಯ ತುದಿಯ ವೀರಪ್ಪ ಸಾವಕಾರರ ಮನೆತನ, ಹೀಗೆ ನಾಲ್ಕಾರು ಮನೆಗಳು ಅದನ್ನು ಬಿಟ್ಟದ್ದನ್ನೇ ದೊಡ್ಡಸ್ತಿಕೆಯಾಗಿ ಮಾಡಿಕೊಂಡಿದ್ದವು. ಆ ದೊಡ್ಡಸ್ತಿಕೆಯನ್ನು ಇಪ್ಪತ್ತು ವರ್ಷ ಹೊತ್ತವಳು ಅತ್ತೆ. ವಾರಕ್ಕೊಂದು ಮಧ್ಯಾಹ್ನ ಮಾತ್ರ, ಮುಖ ಕಾಣದ ಕತ್ತಲೆಯಲ್ಲಿ, ಪರದೆಯ ಅಂಚಿಗೆ ಒಂದು ಮಣೆ ಹಾಕಿಕೊಂಡು ಅವಳು ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಅವಳು ಬಾಯಿ ತೆರೆದರೆ ಹಾಲು ಕುಡಿಯುವ ಕೂಸುಗಳೂ ಸುಮ್ಮನಾಗುತ್ತಿದ್ದವು. ಆ ಮಣೆ ಅವಳಿಗೆ ಏನಾಗಿತ್ತು ಎಂಬುದು ಎಂಟು ವರ್ಷದ ನನಗೆ ತಿಳಿದಿರಲಿಲ್ಲ. ನಲವತ್ತರ ಹತ್ತಿರದ ಅಪ್ಪನಿಗೆ ತಿಳಿದಿರಬೇಕಾಗಿತ್ತು.

ಮೂರನೆಯ ಚಿತ್ರದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೊದಲ ಸುರುಳಿಯ ಆರಂಭ ಹರಿದಿತ್ತು, ಕೊನೆಯ ಸುರುಳಿಯ ಅಂತ್ಯವೂ ಇರಲಿಲ್ಲ. ಒಂದು ದೊಡ್ಡ ಮನೆ, ಸಾಯುವ ಗಂಡ, ಬಳೆ ಒಡೆಸಿಕೊಂಡು ಒಂದು ಕೋಣೆಗೆ ಸೇರುವ ಹುಡುಗಿ. ಕೊನೆಗೆ ಒಂದು ನಸುಕಿನಲ್ಲಿ ಅವಳು ಮನೆ ಬಿಟ್ಟು ಹೊಳೆಯ ಕಡೆ ನಡೆಯುತ್ತಾಳೆ. ನೀರಿನ ಅಂಚಿನಲ್ಲಿ ನಿಲ್ಲುತ್ತಾಳೆ. ಅಲ್ಲಿಗೆ ಸುರುಳಿ ಮುಗಿದು ಪರದೆ ಬೆಳ್ಳಗಾಗುತ್ತಿತ್ತು. ನಾನು ಸಣ್ಣವಳಾದ್ದರಿಂದ ಪರದೆಯ ಕೆಳಗೆ ನುಸುಳಿ ಎರಡೂ ಕಡೆ ಓಡಾಡುತ್ತಿದ್ದೆ. ಗಂಡಸರ ಕಡೆಯಿಂದ ನೋಡಿದರೆ ಅವಳು ಎಡದಿಂದ ಬಲಕ್ಕೆ ನಡೆಯುತ್ತಿದ್ದಳು, ನಮ್ಮ ಕಡೆಯಿಂದ ಬಲದಿಂದ ಎಡಕ್ಕೆ. ಮುಂದೆ ಅಪ್ಪ ಗಂಟಲು ಸರಿಮಾಡಿಕೊಂಡು, “ಹೀಗೆ ಆ ಸಾಧ್ವಿಯು ಗಂಗೆಯ ಒಡಲನ್ನು ಸೇರಿ ಪತಿಯ ಪಾದವನ್ನು ಹೊಂದಿದಳು” ಎನ್ನುತ್ತಿದ್ದ. ಗಂಡಸರು ಚಪ್ಪಾಳೆ ತಟ್ಟಿ ಏಳುತ್ತಿದ್ದರು. ಹಿಂದೆ ಯಾರೂ ಏಳುತ್ತಿರಲಿಲ್ಲ. ಹುಸೇನಸಾಬ ದೀಪ ಆರಿಸಲು ತೆಗೆದುಕೊಳ್ಳುತ್ತಿದ್ದ ಆ ಸ್ವಲ್ಪ ಹೊತ್ತಿನಲ್ಲಿ, ಏನೂ ಇಲ್ಲದ ಆ ಬಿಳಿಯ ಪರದೆಯ ಮೇಲೆ, ಅತ್ತೆ ಮಾತಿನಲ್ಲೇ ಒಂದು ದುಂಡನೆಯ ಹರಿಗೋಲು ಬಿಡುತ್ತಿದ್ದಳು.

ಸಂಜೆ ಊರೆಲ್ಲ ಜಗಳ. ನಮ್ಮ ಪಕ್ಕದ ಮನೆಯ ಅಜ್ಜ ಕಟ್ಟೆಯ ಮೇಲೆ ಕುಳಿತು ಹಿರಿಯನ ಗತ್ತಿನಲ್ಲಿ ಹೇಳುವನು:

“ಸತ್ಲು. ನಾ ಕಣ್ಣಾರೆ ನೋಡೇನಿ.”

ಒಳಗಿನಿಂದ ಅವನ ಹೆಂಡತಿ:

“ನೀ ನೋಡಿದ್ದು ಬೆನ್ನು. ನಾವು ಮಾರಿ ನೋಡೇವಿ. ಸಾಯೋರ ಮಾರಿ ಹಂಗ ಇರಾಂಗಿಲ್ಲ.”

“ಏ ಹುಚ್ಚಿ, ಎರಡೂ ಕಡಿ ಒಂದ ಚಿತ್ರ ಐತಿ!”

“ಹೌದೇನು? ಹಂಗಾರ ನಿಮ್ಮಾಕಿ ಸತ್ತು ನಮ್ಮಾಕಿ ಹೆಂಗ ಉಳದ್ಲು?”

ವರ್ಷಗಟ್ಟಲೆ ಇದು ಊರಿನ ಹಾಸ್ಯವಾಗಿತ್ತು. ಹೆಂಗಸರ ಮಾತು ಎಂದು ಗಂಡಸರು ಬಿಟ್ಟಿದ್ದರು. ನಮ್ಮ ಮನೆಯ ಪಂಕ್ತಿಯಲ್ಲಿ ಮಾತ್ರ ಈ ವಿಷಯ ಬರುತ್ತಿರಲಿಲ್ಲ. ಅತ್ತೆ ಪುಂಡಿಪಲ್ಲೆ ಬಡಿಸುತ್ತ ಹೋಗುವಳು, ಅಪ್ಪ ತಟ್ಟೆ ನೋಡುತ್ತ ಉಣ್ಣುವನು. ಅದು ಸಂಕೋಚ ಎಂದು ನಾನು ತಿಳಿದಿದ್ದೆ.

ವೀರಪ್ಪ ಸಾವಕಾರರ ಸೊಸೆ ನಿಂಗವ್ವ ನವಲಿಯವಳು. ಹನ್ನೆರಡಕ್ಕೆ ಮದುವೆಯಾಗಿ ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡವಳು; ನಾನು ಹೇಳುತ್ತಿರುವ ಕಾಲಕ್ಕೆ ಇಪ್ಪತ್ತರ ಆಸುಪಾಸು. ಪ್ರತಿ ಸಂತೆಗೂ ಸಾವಕಾರರ ಹೆಂಡತಿಯ ಹಿಂದೆ ತಲೆ ತಗ್ಗಿಸಿ ಬರುತ್ತಿದ್ದಳು. ಅವರ ಮನೆಯ ಕಂಬಳಿ ತರುವುದು, ಹಿತ್ತಿಲ ಕಡೆಯ ಮೂರನೆಯ ಕಿಟಕಿಗೆ ಹಾಕುವುದು ಅವಳ ಕೆಲಸ. ಅಂಚಿನಲ್ಲಿ ಒಂದು ಕೆಂಪು ಎಳೆ ಓಡಿದ ಕಂಬಳಿ, ಕತ್ತಲೆಯಲ್ಲೂ ಗುರುತು ಹಿಡಿಯಬಹುದಾದಷ್ಟು ದಪ್ಪ. ಅವಳು ಮಾತನಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಅತ್ತೆಯ ಹರಿಗೋಲು ದಡ ಸೇರಿದ ಮೇಲೆ, ಎಲ್ಲರೂ ಏಳುವ ಗದ್ದಲದಲ್ಲಿ, ಅವಳು ಬಗ್ಗಿ ಕೇಳಿದ್ದಳು:

“ಆಮ್ಯಾಲೆ ಅಕಿನ್ನ ಹುಡುಕ್ಯಾಡಿಕೊಂಡು ಯಾರೂ ಬರಲಿಲ್ಲೇನ, ಅತ್ತಿ?”

ಅತ್ತೆ ಮಣೆ ಎತ್ತಿಕೊಳ್ಳುತ್ತ ಹೇಳಿದಳು:

“ಬಂದಿದ್ದು ನಾ ನೋಡಿಲ್ಲವ್ವ.”

ಮುಂದಿನ ಸಂತೆಯ ದಿನ ಚಿತ್ರ ಮುಗಿದು ಕಂಬಳಿಗಳನ್ನೆಲ್ಲ ಇಳಿಸಿಕೊಂಡರು. ಪಡಸಾಲೆಗೆ ಬೆಳಕು ತುಂಬಿತು, ಮೂರನೆಯ ಕಿಟಕಿಯ ಹೊರತು. ಅಲ್ಲಿ ಕೆಂಪು ಎಳೆಯ ಕಂಬಳಿ ಹಾಗೇ ತೂಗುತ್ತಿತ್ತು. ನಿಂಗವ್ವ ಹಿತ್ತಿಲಲ್ಲಿ ಇರಲಿಲ್ಲ, ಬಾವಿಯ ಬಳಿ ಇರಲಿಲ್ಲ, ಮನೆಗೂ ಹೋಗಿರಲಿಲ್ಲ. ಸಂತೆಯಿಂದ ಮರಳುವ ನವಲಿಯ ಬಂಡಿಗಳಲ್ಲಿ ಒಂದನ್ನು ಹತ್ತಿದ್ದಳು. ವಾರ ಕಳೆಯುವುದರೊಳಗೆ ಸುದ್ದಿ ಬಂತು: ಇನ್ನು ಬರುವುದಿಲ್ಲವಂತೆ, ಅವಳ ತಂದೆ ಉಡಿಕೆ ಮಾಡಿಕೊಡುತ್ತಾನಂತೆ. ಸಾವಕಾರರ ಆಳು ಬಂದು ಕಂಬಳಿ ಕೇಳಲಿಲ್ಲ. ನಾವೇ ಕಳಿಸಿದಾಗ ಹಿಂದಕ್ಕೆ ಬಂತು, ಅದು ತಮ್ಮ ಹೊಸ್ತಿಲು ದಾಟಕೂಡದು ಎಂಬ ಮಾತಿನೊಂದಿಗೆ.

ಪಂಚಾಯ್ತಿ ನಮ್ಮ ಪಡಸಾಲೆಯಲ್ಲೇ ಸೇರಿತು. ಪರದೆ ಸುತ್ತಿಟ್ಟಿತ್ತು, ಕಿಟಕಿಗಳೆಲ್ಲ ತೆರೆದಿದ್ದವು. ಅಷ್ಟು ಬೆಳಕಿನಲ್ಲಿ ಆ ಗಂಡಸರ ಮುಖಗಳನ್ನು ನಾನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಮಂಡಳಿಯ ಐದಾರು ಹಿರಿಯರು, ನಡುವೆ ಅಧ್ಯಕ್ಷನಾಗಿ ಅಪ್ಪ, ಎದುರಿಗೆ ಸಾವಕಾರರು, ಬಾಗಿಲ ಬಳಿ ಹುಸೇನಸಾಬ. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದ ಸದ್ದು.

“ಬಸಣ್ಣಾರ, ನಿಮ್ಮ ತಂಗಿ ನಮ್ಮ ಮನಿ ಮರ್ಯಾದಿ ಹೊಳಿ ದಾಟಿಸ್ಯಾಳ,” ಎಂದರು ಸಾವಕಾರರು.

“ಅಕಿ ಏನು ಹೇಳ್ಯಾಳಂತ ನಿಮಗ ಯಾರು ಹೇಳಿದ್ರು?” ಎಂದ ಅಪ್ಪ.

“ಅದ ನೋಡ್ರಿ ಗಮ್ಮತ್ತು. ಊರಾಗಿನ ಹೆಂಗಸರನ್ನೆಲ್ಲ ಕೇಳಿಸೇನಿ, ಒಬ್ಬಾಕಿ ಬಾಯಿ ಬಿಡವಲ್ಲಳು. ನನ್ನ ಹೇಣ್ತಿನ ಕೇಳಿದ್ರ, ಅವತ್ತು ಕಿವಿ ಕೇಳಸ್ತಿರಲಿಲ್ಲ ಅಂತಾಳ. ಏಳು ವರ್ಷ ಆತು, ಸಂತಿ ದಿವಸ ಮಾತ್ರ ಕಿವುಡು!”

ಯಾರೋ ನಕ್ಕರು. ಸಾವಕಾರರು ನಗಲಿಲ್ಲ.

“ನಿಮ್ಮ ಹುಡುಗಿ ಎರಡೂ ಕಡಿ ತಿರಗತೈತಲ್ಲ, ಅದನ್ನ ಕರೀರಿ. ಇಲ್ಲಂದ್ರ ನಾನು ತಹಸೀಲಿಗೆ ಒಂದು ಅರ್ಜಿ ಕೊಡತೀನಿ. ಗ್ವಾಡಿ ಮ್ಯಾಲಿನ ಆ ಕಾಗದ ಇಳೀತೈತಿ.”

ಅಪ್ಪ ನನ್ನನ್ನು ಕರೆದ. ನಡುವಿನಲ್ಲಿ ನಿಲ್ಲಿಸಿದ. ಅವನ ದನಿ ಮೆದುವಾಗಿತ್ತು.

“ಶಾಂತಾ, ಅತ್ತಿ ಹೇಳೋ ಕಥಿ ನಿನಗ ಬರತೈತೇನು?”

ನನಗೆ ಬರುತ್ತಿತ್ತು. ನನಗೆ ಅಕ್ಷರ ಅಕ್ಷರವಾಗಿ ಬರುತ್ತಿತ್ತು. ಇಷ್ಟು ದೊಡ್ಡವರು ಒಟ್ಟಿಗೆ ನನ್ನನ್ನು ಏನನ್ನೂ ಕೇಳಿದ್ದು ಅದೇ ಮೊದಲು. ನಾನು ಅತ್ತೆಯಂತೆ ಸೆರಗು ಎಳೆದುಕೊಳ್ಳುವ ನಟನೆ ಮಾಡಿ, ಅವಳಂತೆ ಕತ್ತು ವಾಲಿಸಿ, ಅವಳದೇ ದನಿಯಲ್ಲಿ ಹೇಳಿದೆ:

“ಅಂಜಬ್ಯಾಡ್ರೆವ್ವಾ, ಅಕಿ ನೀರಿಗೆ ಬೀಳಾಕ ಬಂದಿಲ್ಲ. ಕೈ ಮಾಡಿ ಕರಿಯಾಕ ಬಂದಾಳ. ಅಕಾ ನೋಡ್ರಿ, ಆಚಿ ದಂಡ್ಯಾಗಿಂದ ಹರಿಗೋಲು ಬಂತು. ಅಂಬಿಗ ಮುದುಕ, ಬಾಯಾಗ ಒಂದು ಹಲ್ಲಿಲ್ಲ. ‘ಯಾರ ಮಗಳವ್ವ ನೀನು’ ಅಂತ ಕೇಳತಾನ. ಅಕಿ ಅಂತಾಳ, ‘ಯಾರ ಸೊಸಿ ಅಂತ ಕೇಳಲಿಲ್ಲಲ್ಲ ಯಪ್ಪಾ, ಅಷ್ಟು ಸಾಕು. ಹುಟ್ಟು ಹಾಕು.’ ಆಚಿ ದಂಡ್ಯಾಗ ಒಂದು ಸಣ್ಣ ಮನಿ. ಬಾಗಲಾಗ ಒಬ್ಬಾಕಿ ಮುದುಕಿ ದೀಪ ಹಿಡಕೊಂಡು ನಿಂತಾಳ. ಏನೂ ಕೇಳಾಂಗಿಲ್ಲ. ಒಳಗ ಕರಕೊಂಡು ಹೋಗತಾಳ, ಉಣಾಕ ಹಾಕತಾಳ, ಕೈತುಂಬ ಬಳಿ ಇಡಸತಾಳ.”

ಹಲ್ಲಿಲ್ಲದ ಅಂಬಿಗನಿಗೆ ಅವರು ನಕ್ಕಿದ್ದರು. ಬಳೆಗೆ ಬರುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ. ನಾನು ಅದನ್ನು ಮೆಚ್ಚಿಗೆ ಎಂದುಕೊಂಡೆ.

“ಕೇಳಿದ್ರಲ್ಲ,” ಎಂದರು ಸಾವಕಾರರು. “ಇಲ್ಲದ್ದನ್ನ ಹುಟ್ಟಿಸಿ ಹೇಳ್ಯಾಳ. ಬಸಣ್ಣಾರ, ನಾಲ್ಕು ಮಂದಿ ಮುಂದ ನೀವ ಹೇಳ್ರಿ. ಈ ಹರಿಗೋಲು, ಈ ಮನಿ, ಈ ಮುದುಕಿ, ಚಿತ್ರದಾಗ ಅದಾವೇನು?”

ಅಪ್ಪ ಸಾವಕಾರರನ್ನು ನೋಡಿದ. ಸಾವಕಾರರು ಅಪ್ಪನನ್ನು ನೋಡಿದರು. ಬಾಗಿಲಲ್ಲಿ ಹುಸೇನಸಾಬ ಒಮ್ಮೆ ತಲೆಯೆತ್ತಿ ಮತ್ತೆ ತಗ್ಗಿಸಿದ. ಅಪ್ಪ ಗೋಡೆಯ ಮೇಲಿನ ಪರವಾನಗಿಯ ಕಡೆ ಕಣ್ಣು ಹಾಯಿಸಿ ಹೇಳಿದ:

“ಇಲ್ಲ. ಚಿತ್ರದಾಗ ಇಲ್ಲ.”

ನಾನು ಕಥೆ ಹೇಳುತ್ತಿದ್ದಾಗ ಒಂದು ಏಟೂ ತಪ್ಪದೆ ನಡೆದಿದ್ದ ರೊಟ್ಟಿಯ ಸದ್ದು ಆ ಮಾತಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಶಿವವ್ವ ಇನ್ನು ಮೇಲೆ ಪರದೆಯ ಹಿಂದೆ ಕೂರಬಾರದು, ಹೆಂಗಸರು ಬೇಕಾದರೆ ಸುಮ್ಮನೆ ನೋಡಬಹುದು ಎಂದು ತೀರ್ಮಾನವಾಯಿತು. ಅದನ್ನು ಓದಿ ಹೇಳಿದವನೂ ಅಪ್ಪನೇ.

ಅಂದು ಊಟಕ್ಕೆ ಕುಳಿತಾಗ ಅತ್ತೆ ನನ್ನ ರೊಟ್ಟಿಯ ಮೇಲೆ ಎಂದಿಗಿಂತ ದೊಡ್ಡದೊಂದು ಬೆಣ್ಣೆಯ ಉಂಡೆ ಇಟ್ಟಳು. ನನ್ನ ತಲೆ ಸವರಿ ಹೇಳಿದಳು:

“ಛಲೋ ಹೇಳಿದಿ, ಶಾಂತವ್ವ. ಒಂದು ಮಾತೂ ಬಿಡಲಿಲ್ಲ.”

ಆ ಬೆಣ್ಣೆಯನ್ನು ನಾನು ಸಂತೋಷದಿಂದ ತಿಂದೆ. ಇದನ್ನು ಬರೆಯದೆ ಉಳಿದುದನ್ನು ಬರೆಯುವ ಹಕ್ಕು ನನಗಿಲ್ಲ.

ಮುಂದಿನ ಸಂತೆಗೂ ಅದೇ ಚಿತ್ರ. ಅಪ್ಪ ಬೇಕೆಂದೇ ಅದನ್ನೇ ಹಾಕಿಸಿದನೆಂದು ನನಗನ್ನಿಸುತ್ತದೆ. ಏನೂ ಆಗಿಲ್ಲವೆಂದು ಊರಿಗೆ ತೋರಿಸಬೇಕಾಗಿತ್ತು. ಹೆಂಗಸರು ಬಂದರು, ಕಂಬಳಿ ಹಾಕಿದರು, ಕುಳಿತರು. ಪರದೆಯ ಅಂಚಿನ ಮಣೆ ಖಾಲಿಯಿತ್ತು. ಅತ್ತೆ ಕಣಜದ ಕೋಣೆಯಲ್ಲಿದ್ದಳು. ಯಂತ್ರ ತಿರುಗಿತು. ಮೊದಲ ಸುರುಳಿ ಮುಗಿದಾಗ ಅವ್ವ ಏಳಲಿಲ್ಲ. ತಂಬಿಗೆಯನ್ನು ನೆಲದ ಮೇಲೆ ಕವುಚಿ ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಬಟ್ಟೆ ಮೂಲೆಗಳಿಂದ ಒಣಗುತ್ತ ಬಂತು. ನಮ್ಮ ಕಡೆಯ ಹುಡುಗಿ, ಅವಳ ಕೋಣೆ, ಅವಳ ಮುಖ, ಒಂದೊಂದಾಗಿ ಮಬ್ಬಾದವು. ಮುಂದೆ ಗಂಡಸರಿಗೆ ಅಂದು ಚಿತ್ರ ಎಂದಿಗಿಂತ ಢಾಳಾಗಿ ಕಂಡಿರಬೇಕು. ಯಾರೂ ನೀರು ಸಾಕೆಂದು ಕೂಗಲಿಲ್ಲ. ಅವಳು ಹೊಳೆಯ ಕಡೆ ನಡೆಯುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಎದ್ದಳು. ಕಿಟಕಿಯ ಬಳಿ ಹೋಗಿ ತನ್ನ ಕಂಬಳಿಯನ್ನು ಇಳಿಸಿ ಹೆಗಲಿಗೆ ಹಾಕಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನಾಲ್ಕನೆಯವಳು ಸಾವಕಾರರ ಹೆಂಡತಿ. ಕಂಬಳಿ ತಂದಿರಲಿಲ್ಲವಾದ್ದರಿಂದ ಅವಳು ಬೆಳಕಿಂಡಿಯ ಮಡಕೆಯನ್ನು ಗಳದಿಂದ ತಳ್ಳಿದಳು. ಉಳಿದವರೂ ತಮ್ಮ ಕಂಬಳಿ ಎಳೆದರು; ಮಧ್ಯಾಹ್ನದ ಬಿಸಿಲು ಐದು ಕಿಟಕಿಗಳಿಂದ ಒಮ್ಮೆಲೇ ನುಗ್ಗಿತು. ಮುಂದಿನ ಕಡೆಯೂ ಚಿತ್ರ ಅಳಿಸಿಹೋಯಿತು. ಯಂತ್ರ ಮಾತ್ರ ಟಕಟಕ ತಿರುಗುತ್ತಿತ್ತು. ನಡುವೆ ಒಂದು ಒಣ ಧೋತರ. ಅದರ ಎರಡೂ ಕಡೆ ಯಾರೂ ಸತ್ತಿರಲಿಲ್ಲ, ಯಾರೂ ದಾಟಿರಲಿಲ್ಲ.

ಇದನ್ನು ಗೆಲುವೆಂದು ಬರೆಯಲು ನನ್ನ ಕೈ ಹಾತೊರೆಯುತ್ತದೆ. ಗೆಲುವಾಗಲಿಲ್ಲ. ಮುಂದಿನ ಸಂತೆಯೊಳಗೆ ಹಿತ್ತಿಲ ಕಡೆಯ ಐದೂ ಕಿಟಕಿಗಳಿಗೆ ಹೊರಗಿನಿಂದ ಹಲಗೆ ಬಡಿಸಿದರು. ಹೆಂಗಸರ ಕಂಬಳಿ ಬೇಕಾಗಲಿಲ್ಲ, ಆದ್ದರಿಂದ ಹೆಂಗಸರೂ ಬೇಕಾಗಲಿಲ್ಲ. ಮಂಡಳಿ ಇನ್ನೂ ಕೆಲವು ವರ್ಷ ನಡೆಯಿತು. ಸಂಸ್ಥಾನದ ಕೊನೆಯ ವರ್ಷದ ಗದ್ದಲದಲ್ಲಿ ನಿಂತಿತು. ಹಲಗೆಗಳನ್ನು ಆಮೇಲೂ ಯಾರೂ ಕೀಳಲಿಲ್ಲ. ಸಂತೆಯ ದಿನ ಮಾತ್ರ ಇದ್ದ ಕತ್ತಲೆ ವಾರದ ಏಳೂ ದಿನದ್ದಾಯಿತು, ಮತ್ತು ಮನೆಯ ಆ ಅರ್ಧದಲ್ಲಿ ಹಗಲಿಡೀ ಇರುತ್ತಿದ್ದವಳು ಅತ್ತೆ. ಸಾವಕಾರರು ಬೇಡವೆಂದ ಕೆಂಪು ಎಳೆಯ ಕಂಬಳಿಯನ್ನು ಅವಳು ಹಾಸಿಕೊಂಡಳು, ಚಳಿಗೆ ಹೊದೆದಳು. ಕಥೆ ಹೇಳೆಂದು ನಾನು ಪೀಡಿಸಿದಾಗ, “ಮರತೆನವ್ವ” ಎಂದಳು. ಮುನಿಸಿನಿಂದಲ್ಲ, ಉಪ್ಪು ತೀರಿದೆ ಎನ್ನುವಷ್ಟು ಸಹಜವಾಗಿ. ನಾನು ಹೈದರಾಬಾದಿನಲ್ಲಿ ಓದುತ್ತಿದ್ದಾಗ ಅವಳು ಆ ಕಂಬಳಿಯಲ್ಲೇ ತೀರಿಕೊಂಡಳು. ಮಣ್ಣಿಗೆ ನವಲಿಯಿಂದ ಒಬ್ಬಳು ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳಂತೆ. ಹೊಸ್ತಿಲ ಹೊರಗೇ ಕುಳಿತು, ಅತ್ತು, ನೀರೂ ಕುಡಿಯದೆ ಹೋದಳಂತೆ.

ಅತ್ತೆಯ ಮೇಲೆ ನಾನು ಕಾಲೇಜಿನ ಪತ್ರಿಕೆಯಲ್ಲಿ ಒಂದು ಲೇಖನ ಬರೆದೆ. ಅಕ್ಷರ ಬಾರದ ಹೆಣ್ಣೊಬ್ಬಳು ಖಾಲಿ ಪರದೆಯ ಮೇಲೆ ತನ್ನ ಕಲ್ಪನೆಯಿಂದ ಇನ್ನೊಂದು ಲೋಕವನ್ನು ಸೃಷ್ಟಿಸಿದ ಬಗೆಯನ್ನು, ಆಗಷ್ಟೇ ಕಲಿತ ದೊಡ್ಡ ಮಾತುಗಳಲ್ಲಿ, ಕೊಂಡಾಡಿದ್ದೆ. ಎಲ್ಲರೂ ಮೆಚ್ಚಿದರು. ರಜೆಗೆ ಊರಿಗೆ ಬಂದಾಗ ಒಲೆಯ ಮುಂದೆ ಕುಳಿತು ಅವ್ವನಿಗೆ ಓದಿ ಹೇಳಿದೆ. ಅವ್ವ ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿ ಹಾಕಿ, ನನ್ನನ್ನು ಒಂದು ಗಳಿಗೆ ನೋಡಿದಳು.

“ಹುಟ್ಟಿಸಿ ಹೇಳಿದಾಕಿ ಶಿವವ್ವ ಅಲ್ಲ, ಶಾಂತಾ. ನಿಮ್ಮಪ್ಪ.”

“ಅಂದ್ರ?”

“ಆ ಚಿತ್ರ ಮನಿಗೆ ಬಂದಾಗ ನೀ ತೊಟ್ಟಿಲಾಗ ಇದ್ದಿ. ಊರಿಗೆ ತೋರಿಸೂಕಿಂತ ಮೊದಲ ಮನ್ಯಾಗ ಒಮ್ಮಿ ಹಾಕಿ ನೋಡಿದ್ರು. ನಿಮ್ಮಪ್ಪ, ಸಾವಕಾರ, ಹುಸೇನಸಾಬ. ನಾನೂ ಶಿವವ್ವನೂ ಈ ಬಾಗಲಾಗ ನಿಂತು ನೋಡಿದ್ವಿ. ಅಕಿ ನೀರಿಗೆ ಬೀಳಾಂಗಿಲ್ಲ. ದೋಣಿ ಬರತೈತಿ. ಆಚಿ ದಂಡ್ಯಾಗ ಮನಿ, ಮುದುಕಿ, ದೀಪ, ಬಳಿ, ಎಲ್ಲಾ ಐತಿ. ಮಾತಷ್ಟ ಶಿವವ್ವಂದು. ನಡದದ್ದು ಚಿತ್ರದ್ದು.”

ನಾನು ಪತ್ರಿಕೆಯನ್ನು ಮಡಚಿ ಕೆಳಗಿಟ್ಟೆ. ಅವ್ವನೇ ಮುಂದುವರಿದಳು.

“ಸಾವಕಾರನ ಮಗ ಸತ್ತು ಆಗಿನ್ನೂ ಮೂರು ತಿಂಗಳಾಗಿತ್ತು. ಮನ್ಯಾಗ ಅಷ್ಟು ಸಣ್ಣ ಸೊಸಿ. ‘ಇದನ್ನ ತೋರಿಸಬ್ಯಾಡ್ರಿ’ ಅಂದ. ಹುಸೇನಸಾಬ ಅಷ್ಟು ತುಣುಕು ಕತ್ತರಿಸಿ ಕೊಟ್ಟ. ‘ಒಲಿಗೆ ಹಾಕು’ ಅಂದ್ರು ನಿಮ್ಮಪ್ಪ. ಹಾಕಿದೆ. ಬುಸ್ ಅಂತ ಹೊತ್ತಿತು. ಶಿವವ್ವ ಹಿಂದ ನಿಂತು ನೋಡಿದ್ಲು.”

“ಅವತ್ತು ಪಂಚಾಯ್ತ್ಯಾಗ ನೀವಿಬ್ಬರೂ ಯಾಕ ಹೇಳಲಿಲ್ಲ?”

“ಯಾರ ಮುಂದ ಹೇಳೂದು? ಪಂಚಾಯ್ತಿ ನಮ್ಮ ಮನ್ಯಾಗ ಕುಂತಿತ್ತು. ನಾ ಹೇಳತೀನಂದೆ. ಶಿವವ್ವ ನನ್ನ ಕೈ ಹಿಡಿದ್ಲು. ‘ಅಣ್ಣ ಸುಳ್ಳ ಅಂತ ಊರಿಗೆ ಗೊತ್ತಾದ್ರ ಅಂವ ತಲಿ ಎತ್ತಾಂಗಿಲ್ಲ ವೈನಿ, ನನ್ನ ತಲಿ ಹೆಂಗೂ ತಗ್ಗೇತಿ’ ಅಂದ್ಲು.” ರೊಟ್ಟಿ ಹೊತ್ತುತ್ತಿತ್ತು; ಅವ್ವ ಅದನ್ನು ತೆಗೆಯಲಿಲ್ಲ. “ಅಕಿ ಬದಲು ಮಾಡಿದ್ದು ಒಂದ. ಚಿತ್ರದಾಗಿನ ದೋಣಿ ಉದ್ದಕ ಇತ್ತು. ನಮ್ಮ ಹೆಣ್ಣಮಕ್ಕಳಿಗೆ ತಿಳೀಲಿ ಅಂತ ಹರಿಗೋಲು ಅಂದ್ಲು.”

ಅಪ್ಪ ಆಗ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ. ನಾನು ಹೋಗಿ ಎದುರಿಗೆ ನಿಂತೆ. ಎಂಟು ವರ್ಷದವಳಾಗಿ ನಿಂತ ಜಾಗವೇ ಅದು. ನಾನು ಕೇಳಿದ್ದನ್ನು ಕೇಳಿ ಅವನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

“ಮಂಡಳಿ ಉಳೀಬೇಕಾಗಿತ್ತು, ಶಾಂತಾ. ಊರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಒಂದು ತುಣುಕು ಹೋದ್ರ ಹೋಗಲಿ, ಉಳದದ್ದನ್ನರ ನೋಡಲಿ ಅಂದೆ.”

“ತುಣುಕಿನ ಮಾತು ಬ್ಯಾರೆ. ನಾಲ್ಕು ಮಂದಿ ಮುಂದ ‘ಚಿತ್ರದಾಗ ಇಲ್ಲ’ ಅಂದ್ಯಲ್ಲ, ಅದು?”

“ನಾ ಸುಳ್ಳು ಹೇಳಿಲ್ಲ,” ಎಂದ ಅಪ್ಪ. ಅವನ ದನಿಯಲ್ಲಿ ಧಾರವಾಡದ ಓದು ಇತ್ತು. “ಅವತ್ತಿಗೆ ಅದು ಚಿತ್ರದಾಗ ಇರಲಿಲ್ಲ.”

ಅಪ್ಪ ಕೆಟ್ಟವನಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಅವನು ತಂಗಿ ನಿಜ ಹೇಳುತ್ತಿದ್ದಾಳೆಂದು ಬಲ್ಲವನಾಗಿ ಏಳು ವರ್ಷ ಅವಳ ಬಾಯಿ ಮುಚ್ಚಿಸಲಿಲ್ಲ. ಅಷ್ಟೇ ಅವನ ಧೈರ್ಯ, ಮತ್ತು ಅದಕ್ಕೆ ಬೆಲೆ ಕೇಳಿದ ದಿನ ಅದು ಮುಗಿಯಿತು. ಕತ್ತರಿಸಿದವರು, ಸುಟ್ಟವರು, ತಲೆ ತಗ್ಗಿಸಿ ನಿಂತವರು, ಇಂಪಾಗಿ ಒಪ್ಪಿಸಿ ಬೆಣ್ಣೆ ತಿಂದವಳು, ಆಮೇಲೆ ಸತ್ಯವನ್ನು ಕಲ್ಪನೆಯೆಂದು ಕರೆದು ಅದನ್ನೇ ಗೌರವವೆಂದು ಭಾವಿಸಿದವಳು: ಉತ್ತರ ಕೊಡಬೇಕಾದವರಲ್ಲಿ ಸತ್ತವರನ್ನು ಬಿಟ್ಟರೆ ನಾವೆಲ್ಲ ಇದ್ದೇವೆ. ಸ್ಮರಣ ಸಂಚಿಕೆಯಲ್ಲಿ ಅತ್ತೆಯ ಹೆಸರನ್ನು ಒಂದು ಸಾಲಿನಲ್ಲಿ ಸೇರಿಸುತ್ತೇವೆ ಎಂದು ಸಮಿತಿಯವರು ಒಪ್ಪಿದ್ದಾರೆ. ನಾನು ಕೇಳುತ್ತಿರುವುದು ಹೆಸರನ್ನಲ್ಲ. ಕಿಟಕಿಯ ಹಲಗೆಗಳನ್ನು ಅಪ್ಪ ತನ್ನ ಕೈಯಾರೆ ಕೀಳಲಿ. ಸನ್ಮಾನದ ದಿನ, ಶಾಲು ಹೊದಿಸುವ ಮೊದಲು, ಅದೇ ಊರಿನ ಮುಂದೆ, ತಾನು ಸುಡಿಸಿದ ಆ ತುಣುಕನ್ನು ಬಾಯಿಂದ ಹೇಳಲಿ.

ಅವನು ಹೇಳಲಾರನೆಂದು ನನಗೆ ಗೊತ್ತು. ಆದ್ದರಿಂದ ಇಲ್ಲಿ ನಾನೇ ಹೇಳುತ್ತೇನೆ, ಒಂದು ಮಾತನ್ನೂ ಬಿಡದೆ. ಅವಳು ನೀರಿಗೆ ಬೀಳಲು ಬಂದಿರಲಿಲ್ಲ. ಕೈ ಮಾಡಿ ಕರೆದಳು. ಹಲ್ಲಿಲ್ಲದ ಅಂಬಿಗ ಬಂದ, ಯಾರ ಮಗಳೆಂದು ಕೇಳಿದ, ಹುಟ್ಟು ಹಾಕಿದ. ಆಚೆಯ ದಡದ ಸಣ್ಣ ಮನೆಯ ಬಾಗಿಲಲ್ಲಿ ಒಬ್ಬ ಮುದುಕಿ ದೀಪ ಹಿಡಿದು ನಿಂತಿದ್ದಳು. ಏನೂ ಕೇಳದೆ ಒಳಗೆ ಕರೆದೊಯ್ದಳು, ಉಣ್ಣಲು ಹಾಕಿದಳು, ಕೈತುಂಬ ಬಳೆ ಇಡಿಸಿದಳು. ಚಿತ್ರದಲ್ಲಿದ್ದದ್ದು ಉದ್ದನೆಯ ದೋಣಿ ಎಂದು ಅವ್ವ ಹೇಳುತ್ತಾಳೆ. ನಾನು ಹರಿಗೋಲು ಎಂದೇ ಬರೆಯುತ್ತೇನೆ.